ದಾದಿಯರ ವಿದೇಶಗಮನ: ಆಸ್ಪತ್ರೆಯೊಳಗಿನ ಕಾರಣಗಳು

ಭಾರತದ ದಾದಿಯರು ಉದ್ಯೋಗಾರ್ಥವಾಗಿ ಸಮುದ್ರ ದಾಟಲಾರಂಭಿಸಿದ್ದು ಇಂದು ನಿನ್ನೆಯ ಸಂಗತಿಯಲ್ಲ. 1960ರ ದಶಕದಲ್ಲಿಯೇ ಕೇರಳದ ತರುಣಿಯರು ಕ್ರೈಸ್ತ ಸಂಸ್ಥೆಗಳ ಮೂಲಕ ಪಶ್ಚಿಮ ಜರ್ಮನಿಯ ಆಸ್ಪತ್ರೆಗಳನ್ನು ಸೇರಿದರು. 1973ರಲ್ಲಿ ತೈಲದ ಬೆಲೆ ಏರಿದ ಮೇಲೆ ಕೊಲ್ಲಿ ರಾಷ್ಟ್ರಗಳ ಬಾಗಿಲು ತೆರೆಯಿತು. ಬೆಂಗಳೂರು, ಮಂಗಳೂರುಗಳ ನರ್ಸಿಂಗ್ ಕಾಲೇಜುಗಳಲ್ಲಿ ಕಲಿತವರಲ್ಲಿಯೂ ಅನೇಕರು ಇದೇ ಹಾದಿಯನ್ನು ಹಿಡಿದಿದ್ದಾರೆ. ಹೆಚ್ಚಿನ ಸಂಬಳದ ಆಸೆಯೇ ಇದಕ್ಕೆಲ್ಲ ಕಾರಣವೆಂದು ಹೇಳುವುದು ವಾಡಿಕೆ. ಈ ಮಾತಿನಲ್ಲಿ ಸತ್ಯಾಂಶವುಂಟು. ಆದರೆ ಅದು ಪೂರ್ಣಸತ್ಯವಲ್ಲ. ಸಂಬಳದಷ್ಟೇ ಬಲವಾದ ಕಾರಣಗಳು ನಮ್ಮ ಆಸ್ಪತ್ರೆಗಳ ಒಳಗೇ ಇವೆಯೆಂಬುದನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲನೆಯದು ಕೆಲಸದ ಹೊರೆ. ಅಂದಿನ ಭಾರತದಲ್ಲಿ ಸುಮಾರು 43,000 ಜನರಿಗೆ ಒಬ್ಬ ದಾದಿ ಮಾತ್ರ ಇದ್ದಳೆಂದು ಭೋರ್ ಸಮಿತಿಯು 1946ರ ವರದಿಯಲ್ಲಿ ಲೆಕ್ಕ ಕೊಟ್ಟಿತು. ಅವರ ದುಡಿಮೆಯ ಪರಿಸ್ಥಿತಿ ಶೋಚನೀಯವೆಂದೂ ಹೇಳಿತು. ಈಗ ದಾದಿಯರ ಸಂಖ್ಯೆ ಬಹುವಾಗಿ ಬೆಳೆದಿದೆ. ಸಾಮಾನ್ಯ ಆಸ್ಪತ್ರೆಯಲ್ಲಿ ಐವರು ರೋಗಿಗಳಿಗೆ ಒಬ್ಬ ದಾದಿ ಇರಬೇಕೆಂಬುದು ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ. ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನವು 1999ರಲ್ಲಿ ಶಾಸನ ಮಾಡಿ 2004ರಿಂದ ಜಾರಿಗೆ ತಂದ ಕ್ರಮದಲ್ಲಿಯೂ ಸಾಮಾನ್ಯ ವಾರ್ಡಿಗೆ ಕ್ರಮೇಣ ನಿಗದಿಯಾದ ಪ್ರಮಾಣ ಅದೇ. ಅಂಕೆ ಒಂದೇ, ಆದರೆ ಅಲ್ಲಿ ಅದು ಶಾಸನ, ಇಲ್ಲಿ ಬಹುಮಟ್ಟಿಗೆ ಸಲಹೆ. ರಾತ್ರಿಯ ಪಾಳಿಯಲ್ಲಿ ಇಡೀ ವಾರ್ಡನ್ನು ಒಬ್ಬಳೇ ನೋಡಿಕೊಳ್ಳುವ ದಾದಿಗೆ ಈ ವ್ಯತ್ಯಾಸದ ಅರ್ಥ ಚೆನ್ನಾಗಿ ತಿಳಿದಿರುತ್ತದೆ.

ಎರಡನೆಯದು ಮುಚ್ಚಳಿಕೆಯ ಪದ್ಧತಿ. ಇಷ್ಟು ವರ್ಷ ಬಿಟ್ಟುಹೋಗುವುದಿಲ್ಲವೆಂದು ಬರೆಯಿಸಿಕೊಂಡು, ದಾದಿಯರ ಮೂಲ ಪ್ರಮಾಣಪತ್ರಗಳನ್ನು ಕೆಲವು ಖಾಸಗಿ ಆಸ್ಪತ್ರೆಗಳು ತಮ್ಮಲ್ಲಿಯೇ ಇಟ್ಟುಕೊಳ್ಳುತ್ತಿದ್ದವು. 2011-12ರಲ್ಲಿ ಕೇರಳ, ದೆಹಲಿ, ಮುಂಬಯಿ ಮೊದಲಾದೆಡೆ ನಡೆದ ಮುಷ್ಕರಗಳಲ್ಲಿ ಕಡಮೆ ಸಂಬಳದೊಡನೆ ಇದೂ ಮುಖ್ಯ ದೂರಾಗಿತ್ತು. ನಿಲ್ಲಿಸಿಕೊಳ್ಳಲೆಂದು ಹೂಡಿದ ಉಪಾಯವೇ ಹೊರಡುವ ಮನಸ್ಸನ್ನು ಗಟ್ಟಿಗೊಳಿಸಿತೆನ್ನಬೇಕು.

ಮೂರನೆಯದು ವೃತ್ತಿಯ ಮನ್ನಣೆ. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ 2004ರಿಂದ ಹುದ್ದೆಗಳ ಶ್ರೇಣಿಗಳೂ ಅವುಗಳ ವೇತನವೂ ಬಹಿರಂಗವಾಗಿ ಗೊತ್ತುಮಾಡಲ್ಪಟ್ಟಿವೆ. ವಿಶೇಷ ತರಬೇತಿ ಹೊಂದಿದ ದಾದಿಯು ಔಷಧಿಯನ್ನು ಬರೆದುಕೊಡಲೂಬಹುದು. ನಮ್ಮಲ್ಲಾದರೋ ಅನುಭವಕ್ಕೆ ತಕ್ಕ ಬಡ್ತಿ ಅಪರೂಪ.

ಹೊರನಾಡು ಸ್ವರ್ಗವೆಂದು ಇದರ ಅರ್ಥವಲ್ಲ. ಮಧ್ಯವರ್ತಿಗಳ ಸುಲಿಗೆಯನ್ನು ತಡೆಯಲು ಭಾರತ ಸರ್ಕಾರವು 2015ರಲ್ಲಿ 18 ದೇಶಗಳಿಗೆ ದಾದಿಯರ ನೇಮಕಾತಿಯನ್ನು ಸರ್ಕಾರಿ ಸಂಸ್ಥೆಗಳಿಗೆ ಸೀಮಿತಗೊಳಿಸಬೇಕಾಯಿತು. ಆ ಕಷ್ಟಗಳನ್ನು ಅರಿತೂ ಅವರು ಹೊರಡುತ್ತಾರೆಂಬುದೇ ವಿಚಾರಾರ್ಹ.

ಸರ್ವೋಚ್ಚ ನ್ಯಾಯಾಲಯದ ನಿರ್ದೇಶದಂತೆ 2016ರಲ್ಲಿ ನೇಮಕವಾದ ಸಮಿತಿಯು, 200ಕ್ಕಿಂತ ಹೆಚ್ಚು ಹಾಸಿಗೆಗಳ ಖಾಸಗಿ ಆಸ್ಪತ್ರೆಗಳು ಸರ್ಕಾರಿ ದಾದಿಯರಿಗೆ ಸಮನಾದ ಸಂಬಳ ಕೊಡಬೇಕೆಂದೂ, ಅತಿ ಚಿಕ್ಕ ಆಸ್ಪತ್ರೆಗಳಲ್ಲಿಯೂ ಅದು ತಿಂಗಳಿಗೆ 20,000 ರೂಪಾಯಿಗಿಂತ ಕಡಮೆಯಾಗಬಾರದೆಂದೂ ಶಿಫಾರಸು ಮಾಡಿತು. ಅದನ್ನು ಕಾರ್ಯಗತಗೊಳಿಸುವ ಹೊಣೆ ರಾಜ್ಯಗಳದು. ಸಂಬಳದೊಡನೆ ರೋಗಿಗಳ ಪ್ರಮಾಣವೂ ಬಡ್ತಿಯ ಕ್ರಮವೂ ಶಾಸನದ ಬಲವನ್ನು ಪಡೆಯದಿದ್ದಲ್ಲಿ ಈ ಪ್ರವಾಹ ನಿಲ್ಲದು. ಹೋದವರ ದೇಶಪ್ರೇಮವನ್ನು ಶಂಕಿಸುವ ಮುನ್ನ ಅವರು ಬಿಟ್ಟುಹೋದ ವಾರ್ಡನ್ನು ಒಮ್ಮೆ ನೋಡುವುದು ನ್ಯಾಯ.