ನಿಂತ ಕಾರಿನ ಎರಡು ಬ್ಯಾಟರಿಗಳು

ಬೆಳಗಾವಿಯಿಂದ ಖಾನಾಪುರದ ಕಡೆ ಹೊರಟವರಿಗೆ ಉದ್ಯಮಬಾಗ ಮುಗಿಯುತ್ತಿದ್ದಂತೆ ಸಿಗುವ ಊರು ಪೀರನವಾಡಿ. ಜಾಂಬೋಟಿ, ಚೋರ್ಲಾ ಘಾಟಿನ ಮೇಲಿಂದ ಗೋವಾಕ್ಕೆ ಹೋಗುವ ದಾರಿ ಇಲ್ಲೇ ಕವಲೊಡೆಯುತ್ತದೆ. ಹಗಲಿಡೀ ಗಾಡಿ ಓಡುವ ರಸ್ತೆ ಇದು. ಆದರೆ ಓಣಿಯೊಳಗೆ ಹೊಕ್ಕರೆ ತಿಂಗಳುಗಟ್ಟಲೆ ಅಲುಗದೆ ನಿಂತ ಗಾಡಿಗಳೂ ಕಾಣುತ್ತವೆ. ಸೈನ್ಯದಲ್ಲಿರುವವರು, ಪುಣೆ ಬೆಂಗಳೂರಿಗೆ ದುಡಿಯಲು ಹೋದವರು, ಕೊಲ್ಲಿ ದೇಶಕ್ಕೆ ಹಾರಿದವರು ಈ ಸೀಮೆಯಲ್ಲಿ ಬಹಳ. ಯಜಮಾನ ರಜೆಗೆ ಬಂದಾಗ ಮಾತ್ರ ಗಾಡಿಗೂ ಕೆಲಸ.

ಪೆಟ್ರೋಲ್ ಕಾರನ್ನು ಹೀಗೆ ನಿಲ್ಲಿಸಿ ಹೋಗುವುದು ನಮಗೆ ರೂಢಿ. ಬ್ಯಾಟರಿ ಇಳಿದರೆ ನಾಲ್ಕು ಜನ ಸೇರಿ ನೂಕಿದರಾಯಿತು. ಎಲೆಕ್ಟ್ರಿಕ್ ಕಾರನ್ನು ನೂಕಿ ಚಾಲೂ ಮಾಡಲು ಬರುವುದಿಲ್ಲ. ಹಾಗಾಗಿ ಮೊದಲ ಬಾರಿ ಕೊಂಡವರ ಭಯ ಒಂದೇ: ಎರಡು ತಿಂಗಳು ಬಿಟ್ಟರೆ ಆ ದೊಡ್ಡ ಬ್ಯಾಟರಿ ಪೂರ್ತಿ ಇಳಿದುಹೋದರೆ? ಭಯ ಸರಿಯೇ, ಆದರೆ ಬೇರೆ ಬ್ಯಾಟರಿಯ ಮೇಲಿರಬೇಕಾದ ಭಯ ಅದು.

ಎಲೆಕ್ಟ್ರಿಕ್ ಕಾರಿನಲ್ಲಿ ಬ್ಯಾಟರಿ ಎರಡು. ಗಾಡಿ ಓಡಿಸುವುದು ಅಡಿಯಲ್ಲಿರುವ ಲಿಥಿಯಂ ಪ್ಯಾಕ್. 2020ರ ಜನವರಿಯಲ್ಲಿ ಬಂದ ಟಾಟಾದ ಮೊದಲ ನೆಕ್ಸಾನ್ ಇವಿಯಲ್ಲಿ ಅದು 30.2 ಯೂನಿಟ್ ಹಿಡಿಯುತ್ತಿತ್ತು. ಇನ್ನೊಂದು, ಬಾನೆಟ್ಟಿನ ಕೆಳಗೆ ಸಾಮಾನ್ಯವಾಗಿ ಕೂತಿರುವ 12 ವೋಲ್ಟಿನ ಪುಟ್ಟ ಬ್ಯಾಟರಿ. ಹೆಚ್ಚಿನ ಗಾಡಿಗಳಲ್ಲಿ ಸೀಸ-ಆಮ್ಲದ್ದು. ಅದು 35 ಎಎಚ್‌ನದು (ಆಂಪಿಯರ್-ಅವರ್) ಎನ್ನಿ, ಹಿಡಿಯುವುದು ಅರ್ಧ ಯೂನಿಟ್ಟಿಗೂ ಕಡಿಮೆ, ದೊಡ್ಡದರ ಎಪ್ಪತ್ತರಲ್ಲಿ ಒಂದು ಪಾಲು. ಆದರೆ ಬೀಗ, ದೀಪ, ಕಂಪ್ಯೂಟರು ಎಲ್ಲ ನಡೆಯುವುದು ಇದರಿಂದಲೇ. ಗಾಡಿ ಬಂದ್ ಮಾಡಿದಾಗ ದೊಡ್ಡ ಪ್ಯಾಕನ್ನು ಕಾಂಟ್ಯಾಕ್ಟರ್ ಎಂಬ ದಪ್ಪ ಸ್ವಿಚ್ಚುಗಳು ಕಡಿದು ಬೇರೆ ಮಾಡುತ್ತವೆ. ಮತ್ತೆ ಜೋಡಿಸಬೇಕಾದರೆ ಆ ಸ್ವಿಚ್ಚಿಗೆ 12 ವೋಲ್ಟು ಬೇಕು. ಪುಟ್ಟದು ಸತ್ತರೆ ದೊಡ್ಡದರಲ್ಲಿ 50 ಪ್ರತಿಶತ ಇದ್ದರೂ ಗಾಡಿ ಏಳುವುದಿಲ್ಲ. ಹಲವು ಮಾದರಿಗಳಲ್ಲಿ ಚಾರ್ಜರ್ ಚುಚ್ಚಿದರೂ ಚಾರ್ಜ್ ಆಗುವುದಿಲ್ಲ.

ಲಿಥಿಯಂ ಪ್ಯಾಕ್ ತನ್ನಷ್ಟಕ್ಕೆ ಕಳೆದುಕೊಳ್ಳುವುದು ತಿಂಗಳಿಗೆ ಹೆಚ್ಚೆಂದರೆ 2-3 ಪ್ರತಿಶತ. ಪುಟ್ಟದರ ಲೆಕ್ಕ ಹಾಕಿ ನೋಡಿ. ನಿಂತ ಗಾಡಿಯಲ್ಲೂ ಅಲಾರಂ, ಕೀಲಿ ಗುರುತಿಸುವ ಸೆನ್ಸರ್, ಮೊಬೈಲ್ ಆ್ಯಪಿಗೆ ಸುದ್ದಿ ಕಳಿಸುವ ಸಿಮ್ ಎಚ್ಚರವಾಗಿರುತ್ತವೆ. ಇವೆಲ್ಲ ಸೇರಿ 50 ಮಿಲಿಆಂಪಿಯರ್ ಎಳೆದರೆ ದಿನಕ್ಕೆ 1.2 ಎಎಚ್, 35 ಎಎಚ್ ಬ್ಯಾಟರಿ 29 ದಿನಕ್ಕೆ ಖಾಲಿ. ಪೂರ್ತಿ ಖಾಲಿಯಾಗುವ ಎಷ್ಟೋ ಮೊದಲೇ ಅದು ಕೈಕೊಡುವುದರಿಂದ ಎರಡು ಮೂರು ವಾರವೇ ಗಡಿ ಎಂದಿಟ್ಟುಕೊಳ್ಳಿ. ಹೊರಗಿನಿಂದ ಹಾಕಿಸಿದ ಡ್ಯಾಶ್‌ಕ್ಯಾಮ್, ಜಿಪಿಎಸ್ ಇದ್ದರೆ ಇನ್ನೂ ಬೇಗ. ಕೀಲಿಯನ್ನು ಗಾಡಿಯ ಹತ್ತಿರದ ಗೋಡೆಗೆ ನೇತುಹಾಕಿದರೆ ಸೆನ್ಸರ್ ಮತ್ತೆ ಮತ್ತೆ ಎದ್ದು ಕೂರುತ್ತದೆ. ದುಬೈನಲ್ಲಿ ಕೂತು ದಿನಕ್ಕೆ ಹತ್ತು ಸಲ ಆ್ಯಪ್ ತೆರೆದು ‘ನನ್ನ ಗಾಡಿ ಹೆಂಗೈತಿ’ ಎಂದು ನೋಡುವ ಪ್ರೀತಿಯೂ ಗಾಡಿಯನ್ನು ಅಷ್ಟೇ ಸಲ ಎಬ್ಬಿಸುತ್ತದೆ. ಕೆಲವು ಮಾದರಿಗಳಲ್ಲಿ ಪುಟ್ಟದು ಇಳಿದಾಗ ದೊಡ್ಡದು ತಾನೇ ಎದ್ದು ತುಂಬಿಕೊಡುತ್ತದೆ. ನಿಮ್ಮದು ಅಂಥದ್ದೇ ಎಂಬುದನ್ನು ಕೈಪಿಡಿಯಲ್ಲಿ ನೋಡಿಕೊಳ್ಳಬೇಕು.

ದೊಡ್ಡ ಪ್ಯಾಕನ್ನೇ ಬಸಿಯುವ ಸೌಲಭ್ಯವೂ ಒಂದಿದೆ. 2025ರ ಜುಲೈನಲ್ಲಿ ಮುಂಬೈಗೆ ಬಂದ ಟೆಸ್ಲಾದ ಕ್ಯಾಮೆರಾ ಕಾವಲು (ಸೆಂಟ್ರಿ ಮೋಡ್) ಸುಮಾರು 250 ವ್ಯಾಟ್‌ವರೆಗೂ ತಿನ್ನಬಹುದು. ಅಂದರೆ ದಿನಕ್ಕೆ 6 ಯೂನಿಟ್! ಮಧ್ಯಮ ವರ್ಗದ ಒಂದು ಮನೆಗೆ ಸಾಲುವಷ್ಟು.

ಇನ್ನು, ಎಷ್ಟು ಚಾರ್ಜ್ ಇಟ್ಟು ಹೋಗಬೇಕು? ‘ಫುಲ್ ಮಾಡಿ ಇಡ್ರಿ’ ಎನ್ನುವವರೇ ಹೆಚ್ಚು. ಈ ಬುದ್ಧಿ ಸೀಸದ ಕಾಲದ್ದು. ಕರ್ನಾಟಕದ ಎಲೆಕ್ಟ್ರಿಕ್ ಕಾರಿನ ಕತೆಯೂ ಸೀಸದ್ದೇ. 2001ರಲ್ಲಿ ಚೇತನ್ ಮೈನಿ ಬೆಂಗಳೂರಿನಿಂದ ರಸ್ತೆಗಿಳಿಸಿದ ರೇವಾದಲ್ಲಿ 6 ವೋಲ್ಟಿನ 8 ಸೀಸ-ಆಮ್ಲ ಬ್ಯಾಟರಿಗಳಿದ್ದವು. ಸೀಸದ ಬ್ಯಾಟರಿ ಇಳಿದ ಸ್ಥಿತಿಯಲ್ಲಿ ನಿಂತರೆ ಫಲಕಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಕರಗುವುದಿಲ್ಲ. ಮನೆಯ ಇನ್ವರ್ಟರ್ ಬ್ಯಾಟರಿಯನ್ನು ಬೇಸಿಗೆಯಲ್ಲಿ ಮರೆತವರಿಗೆ ಇದು ಗೊತ್ತು. ರೇವಾದಲ್ಲಿ ಲಿಥಿಯಂ ಬಂದದ್ದು 2009ರಲ್ಲಿ. ಲಿಥಿಯಂ ಸ್ವಭಾವ ಇದಕ್ಕೆ ತಿರುವುಮುರುವು: ತುಂಬಿದ ಹೊಟ್ಟೆಯಲ್ಲಿ, ಅದೂ ಬಿಸಿಯಲ್ಲಿ, ಸುಮ್ಮನೆ ಕೂತರೆ ಬೇಗ ಮುಪ್ಪಾಗುತ್ತದೆ. ತೀರ ಇಳಿದರೆ ಮತ್ತೊಂದು ಅಪಾಯ: ಕೋಶದೊಳಗಿನ ತಾಮ್ರ ಕರಗಿ, ಮುಂದೆ ಚಾರ್ಜ್ ಮಾಡುವಾಗ ಒಳಗೇ ಶಾರ್ಟ್ ಆಗಬಹುದು.

ಹೀಗೆ ಒಂದೇ ಕಾರಿನಲ್ಲಿ ಎದುರುಬದುರು ಸ್ವಭಾವದ ಎರಡು ಜೀವ. ದೊಡ್ಡದನ್ನು 50-60 ಪ್ರತಿಶತದಲ್ಲಿ ಬಿಡಬೇಕು, ಪುಟ್ಟದನ್ನು ತುಂಬಿಸಿಯೇ ಇಡಬೇಕು. ಹೋಗುವ ಮುನ್ನ ನಾನು ಹೇಳುವುದು ಇಷ್ಟೇ: ಎರಡು ವಾರಕ್ಕಿಂತ ಹೆಚ್ಚು ಹೋಗುವುದಿದ್ದರೆ 12 ವೋಲ್ಟಿನ ಮೈನಸ್ ತಂತಿ ಬಿಚ್ಚಿ. ಒಂದು ಹತ್ತರ ಪಾನಾ ಇದ್ದರೆ ಸಾಮಾನ್ಯವಾಗಿ ಸಾಕು, ಉದ್ಯಮಬಾಗದ ಪಕ್ಕದಲ್ಲಿದ್ದವರಿಗೆ ಪಾನಾ ಹುಡುಕುವುದು ಕಷ್ಟವೇನಲ್ಲ. ಕೈಪಿಡಿ ಬೇಡ ಎಂದಿದ್ದರೆ ಮಾತ್ರ ಬಿಚ್ಚಬೇಡಿ. ಕರೆಂಟಿಲ್ಲದ ಬಾಗಿಲು ತೆಗೆಯಲು ಕೀಲಿಯೊಳಗಿನ ಕಬ್ಬಿಣದ ಕೀಲಿ ಕೆಲಸ ಮಾಡುತ್ತದೆಯೇ ಎಂದು ಮೊದಲೇ ಪರೀಕ್ಷಿಸಿ.

ಚಾರ್ಜರ್ ಚುಚ್ಚಿಟ್ಟೇ ಹೋಗಬಹುದೇ? 60ಕ್ಕೆ ನಿಲ್ಲಿಸುವ ಮಿತಿ ಇಡಲು ಬರುವ ಗಾಡಿಯಾದರೆ ಸರಿ. ಆ ಮಿತಿ ಇಲ್ಲದ ಗಾಡಿ ನೂರಕ್ಕೇ ಹೋಗಿ ಕೂರುತ್ತದೆ. ಮೇ ತಿಂಗಳ ಗುಡುಗುಮಳೆಯಲ್ಲಿ ಯಾರೂ ಇಲ್ಲದ ಮನೆಯ ಪ್ಲಗ್ಗಿನಲ್ಲಿ ಗಾಡಿ ಕಟ್ಟಿಹಾಕಲು ನನಗಂತೂ ಮನಸ್ಸಿಲ್ಲ. ತಗಡಿನ ಶೆಡ್ಡಿಗಿಂತ ಮರದ ನೆರಳು ಮೇಲು. ಖಾನಾಪುರ ಕಡೆಯ ಮಳೆಗಾಲದಲ್ಲಿ ಬ್ರೇಕ್ ಡಿಸ್ಕಿಗೆ ತುಕ್ಕು, ವೈರಿಗೆ ಇಲಿ ತಪ್ಪಿದ್ದಲ್ಲ. ಅದು ಯಾವ ಗಾಡಿಗೂ ಇರುವ ಪಾಡು.

ಮನೆಯಲ್ಲಿ ಯಾರಾದರೂ ಇದ್ದರೆ ತಂತಿ ಬಿಚ್ಚುವ ಗೊಡವೆಯೇ ಬೇಡ, ವಾರಕ್ಕೊಮ್ಮೆ ಅವರು ಗಾಡಿ ಚಾಲೂ ಮಾಡಿ ಅರ್ಧ ತಾಸು ಬಿಡಲಿ. ಆದರೆ ಹೇಳಿಕೊಡುವಾಗ ಸರಿಯಾಗಿ ಹೇಳಬೇಕು: “ಅವ್ವಾ, ಮೊದಲ ಬ್ರೇಕ್ ತುಳಿ, ಆಮ್ಯಾಲ ಬಟನ್ ಒತ್ತು. ರೆಡಿ ಅಂತ ಬರಬೇಕು ನೋಡ.” ಬ್ರೇಕ್ ತುಳಿಯದೆ ಬರೀ ಬಟನ್ ಒತ್ತಿದರೆ ಪರದೆ ಬೆಳಗುತ್ತದೆ, ಹಾಡೂ ಬರುತ್ತದೆ, ದೊಡ್ಡ ಪ್ಯಾಕ್ ಮಾತ್ರ ಜೋಡಣೆಯಾಗುವುದಿಲ್ಲ. ಉಳಿಸಲು ಹೊರಟ ಪುಟ್ಟ ಬ್ಯಾಟರಿಯನ್ನೇ ಆ ಅರ್ಧ ತಾಸು ತಿಂದು ಹಾಕುತ್ತದೆ.

ಇಷ್ಟರ ಮೇಲೂ ಗಾಡಿ ಏಳದಿದ್ದರೆ ಗಾಬರಿ ಬೇಡ. ಕೈಪಿಡಿ ಒಪ್ಪಿದರೆ ಪಕ್ಕದ ಮನೆಯ ಪೆಟ್ರೋಲ್ ಕಾರಿನಿಂದ ಜಂಪರ್ ತಂತಿ ಎಳೆದು 12 ವೋಲ್ಟು ಕೊಟ್ಟರೆ ಸಾಕು, ರೆಡಿ ಬರುತ್ತದೆ. ಕಿತ್ತಳೆ ಬಣ್ಣದ ತಂತಿಗಳಿಗೆ ಮಾತ್ರ ಕೈ ಹಾಕಬಾರದು, ಅವುಗಳಲ್ಲಿ ನೂರಾರು ವೋಲ್ಟು. ನಿಮ್ಮ ಇವಿಯಿಂದ ಪಕ್ಕದವರ ಗಾಡಿ ಎಬ್ಬಿಸಿ ಋಣ ತೀರಿಸಲೂ ಹೋಗಬೇಡಿ, ಹೆಚ್ಚಿನ ಕಂಪನಿಗಳು ಅದನ್ನು ಬೇಡವೆನ್ನುತ್ತವೆ. ಪ್ಯಾಕ್ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಜಾತಿಯದಾದರೆ, ದೂರದ ಊರಿಗೆ ಹೊರಡುವ ಮುನ್ನ ಒಮ್ಮೆ ನೂರರವರೆಗೆ ನಿಧಾನವಾಗಿ ಚಾರ್ಜ್ ಮಾಡಿ. ತಿಂಗಳುಗಟ್ಟಲೆ ನಿಂತ ಇಂಥ ಪ್ಯಾಕಿನಲ್ಲಿ ಪರದೆ ತೋರಿಸುವ ಪ್ರತಿಶತಕ್ಕೂ ಒಳಗಿರುವುದಕ್ಕೂ ತಾಳೆ ತಪ್ಪಿರುತ್ತದೆ, ನೂರು ಮುಟ್ಟಿದಾಗಲೇ ಅದು ಲೆಕ್ಕ ಸರಿಪಡಿಸಿಕೊಳ್ಳುವುದು.