ಓಣಿಯೊಳಗೆ ಬೆನ್ನಿಲ್ಲದ ಯಂತ್ರ!

ಯಂತ್ರದ ಬಾಯಿ ನೋಡಬೇಡಿ, ಬೆನ್ನು ನೋಡಿ! ಮೈಲಾರದ ಕಡೆಯ ಓಣಿಯೊಂದರಲ್ಲಿ ಮಿನಿ ಹಿಟಾಚಿ (ಯಾವ ಕಂಪನಿಯದಾದರೂ ಅಗೆಯುವ ಯಂತ್ರಕ್ಕೆ ನಮ್ಮಲ್ಲಿ ಇದೇ ಹೆಸರು) ಹೊಸ ಮನೆಗೆ ಪಾಯ ತೋಡುತ್ತಿತ್ತು. ನೆರೆದವರ ಕಣ್ಣೆಲ್ಲ ಬಕೆಟ್ಟಿನ ಮೇಲೆ. ಹಲ್ಲು ನೆಲಕ್ಕಿಳಿಯುವುದು, ಎರೆಮಣ್ಣಿನ ಹೆಂಟೆ ಕಿತ್ತು ಮೇಲೆ ಬರುವುದು, ಹುಡುಗರು ಹೋ ಎನ್ನುವುದು. ಬೆರಗು ಮಾತ್ರ ಹಿಂದುಗಡೆ ನಡೆದಿತ್ತು, ಯಾರೂ ನೋಡದ ಕಡೆ! ಈಚೆಗೆ ಒಬ್ಬರ ಗೋಡೆ, ಆಚೆಗೆ ಇನ್ನೊಬ್ಬರ ಗೋಡೆ, ನಡುವೆ ಹತ್ತಡಿ ಜಾಗ. ಅಷ್ಟರೊಳಗೇ ಅದು ತೋಳು ಮಡಚಿಕೊಂಡು ಗಿರ್ರನೆ ಅರ್ಧ ಸುತ್ತು ತಿರುಗಿ, ಬೆನ್ನ ಹಿಂದೆ ನಿಂತಿದ್ದ ಟ್ರೇಲರಿಗೆ ಮಣ್ಣು ಸುರಿದು, ಮತ್ತೆ ಗಿರ್ರನೆ ಮುಂದಕ್ಕೆ ಬಂತು. ಗೋಡೆಯ ಸುಣ್ಣ ಕೂಡ ಉದುರಲಿಲ್ಲ!

ದೊಡ್ಡ ಹಿಟಾಚಿಗೆ ಇದು ಆಗದ ಕೆಲಸ. ಮುಂದೆ ಉದ್ದನೆಯ ತೋಳು, ತೋಳಿನ ತುದಿಗೆ ಮಣ್ಣು ತುಂಬಿದ ಬಕೆಟ್. ಆ ಭಾರಕ್ಕೆ ಮುಗ್ಗರಿಸಿ ಬೀಳಬಾರದೆಂದು ಹಿಂದೆ ಕಬ್ಬಿಣದ ದಿಂಡು ಕೂರಿಸಿರುತ್ತಾರೆ. ಕ್ಯಾಬಿನ್ ತಿರುಗಿದಾಗ ಆ ದಿಂಡು ಚೈನಿನ ಆಚೆಗೆ ಚಾಚಿಕೊಂಡು ಸುತ್ತುತ್ತದೆ. ಕೂಡ್ಲಿಗಿಯಿಂದ ಸಂಡೂರಿನ ಕಡೆಗೆ ಹೋದರೆ ಅದಿರಿನ ಗುಡ್ಡಗಳಲ್ಲಿ ಇಂಥವು ಲಾರಿ ತುಂಬುವುದನ್ನು ಈ ಸೀಮೆಯವರೆಲ್ಲ ನೋಡಿದ್ದಾರೆ. ಅಲ್ಲಿ ಬೆನ್ನು ಎಷ್ಟು ಚಾಚಿದರೂ ತಗಲುವುದು ಗಾಳಿಗೆ. ಓಣಿಯಲ್ಲಿ ತಗಲುವುದು ಪಕ್ಕದ ಮನೆಯವರ ಕಿಟಕಿಗೆ. ಜೆಸಿಬಿ ತರಿಸೋಣವೆಂದರೆ ಅದು ಏಳು ಟನ್ನಿಗೂ ಹೆಚ್ಚು ತೂಕದ, ಏಳಡಿಗೂ ಹೆಚ್ಚು ಅಗಲದ ಗಾಡಿ. ಹಿಂದಿನ ತೋಳು ಸುಮಾರು ಅರ್ಧ ಸುತ್ತಷ್ಟೇ ಆಡುತ್ತದೆ, ಜೊತೆಗೆ ಎರಡೂ ಕಡೆ ಕಾಲು ಊರಿಕೊಂಡು ನಿಲ್ಲಬೇಕು. ಓಣಿಯ ಬಾಯಿಗೆ ಬಂದು ಹಾಗೇ ಹಿಂದಕ್ಕೆ ಹೋಗಬೇಕಾಗುತ್ತದೆ.

ಹಾಗಾದರೆ ಈ ಚಿಕ್ಕದು ಬೆನ್ನನ್ನು ಎಲ್ಲಿ ಬಚ್ಚಿಟ್ಟಿತು? ಒಳಗೇ! ಎಂಜಿನ್, ಟ್ಯಾಂಕು, ಸಮತೋಲದ ತೂಕ ಎಲ್ಲವನ್ನೂ ಸೀಟಿನ ಕೆಳಗೂ ಹಿಂದೂ ಒತ್ತೊತ್ತಾಗಿ ಜೋಡಿಸಿ, ಹಿಂಬದಿಯನ್ನು ದುಂಡಗೆ ಮಾಡಿದ್ದಾರೆ. ಎತ್ತ ತಿರುಗಿದರೂ ಆ ದುಂಡು ಚೈನಿನ ಅಗಲ ದಾಟುವುದಿಲ್ಲ. 1993ರಲ್ಲಿ ಜಪಾನಿನ ಯನ್ಮಾರ್ ಕಂಪನಿ ಇಂಥ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಚಿಕ್ಕ ಹಿಟಾಚಿಯನ್ನು ಮೊದಲು ಮಾಡಿದ್ದು ಯಾರು ಎಂಬ ಬಗ್ಗೆ ಜಪಾನಿನಲ್ಲೇ ಎರಡು ಮನೆತನಗಳ ಪೈಪೋಟಿ ಇದೆ: 1968ರ ಯಂತ್ರವನ್ನು ಯನ್ಮಾರ್ ತೋರಿಸುತ್ತದೆ, 1971ರ ಯಂತ್ರವನ್ನು ತಾಕೆಉಚಿ ತೋರಿಸುತ್ತದೆ. ಜಗಳ ಅವರದು. ಆ ದೇಶದಲ್ಲಿ ಮನೆಗೆ ಮನೆ ಅಂಟಿಕೊಂಡಿವೆ, ರಸ್ತೆ ಕಿರಿದು. ದೊಡ್ಡ ಯಂತ್ರ ನುಗ್ಗದ ಕಡೆ ಗುದ್ದಲಿ ಹಿಡಿದು ಬಗ್ಗುವವರು ಕಡಿಮೆಯಾದಾಗ ಈ ಕುಳ್ಳ ಯಂತ್ರ ಹುಟ್ಟಿತು. ನಮ್ಮ ಹಡಗಲಿ, ಕೊಟ್ಟೂರು, ಹರಪನಹಳ್ಳಿಯ ಹಳೆಯ ಓಣಿಗಳಿಗೆ ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ಕೂತಿದೆ.

ಬೆನ್ನಿನ ಬೆರಗು ಮುಗಿಯುವಷ್ಟರಲ್ಲಿ ಸೊಂಟದ ಬೆರಗು! ಅದನ್ನು ನೋಡಿದ ಮೇಲೆ ನನಗಂತೂ ನಿಂತ ಜಾಗದಿಂದ ಕಾಲು ಕೀಳಲಾಗಲಿಲ್ಲ. ಕ್ಯಾಬಿನ್ ತಿರುಗುವುದು ಒಂದು ಚಲನೆ. ತೋಳು ತನ್ನ ಬುಡದಲ್ಲಿರುವ ದಪ್ಪ ಮೊಳೆಯ ಮೇಲೆ, ಕ್ಯಾಬಿನ್ನಿನ ಸಂಬಂಧವಿಲ್ಲದೆ, ಎಡಕ್ಕೂ ಬಲಕ್ಕೂ ಹೊರಳುವುದು ಇನ್ನೊಂದು. ಎರಡನ್ನೂ ಒಟ್ಟಿಗೆ ಆಡಿಸಿದರೆ ಏನಾಗುತ್ತದೆ ನೋಡಿ. ಯಂತ್ರ ಗೋಡೆಯ ಪಕ್ಕ ನೆಟ್ಟಗೆ ನಿಂತಿದೆ. ಆಪರೇಟರ್ ಕ್ಯಾಬಿನ್ನನ್ನು ಎಡಕ್ಕೆ ತಿರುಗಿಸಿದ, ತೋಳನ್ನು ಬಲಕ್ಕೆ ಹೊರಳಿಸಿದ. ಈಗ ಬಕೆಟ್ ಚೈನಿನ ಸಾಲು ಬಿಟ್ಟು ಪೂರ್ತಿ ಪಕ್ಕಕ್ಕೆ ಸರಿದಿದೆ, ಗೋಡೆಯ ಬುಡಕ್ಕೇ ಬಂದಿದೆ, ಗೋಡೆಗೆ ಸಮನಾಗಿ ನೂಲು ಹಿಡಿದಂತೆ ಕಾಲುವೆ ತೆಗೆಯುತ್ತಿದೆ! ದೊಡ್ಡ ಯಂತ್ರ ಗೋಡೆಗೆ ಅಡ್ಡ ನಿಂತು ಎಳೆಯಬೇಕು, ಕೊನೆಯ ಎರಡಡಿಯನ್ನು ಆಳುಗಳಿಗೆ ಬಿಡಬೇಕು. ಇದು ಆ ಎರಡಡಿಯನ್ನೂ ತಾನೇ ಮುಗಿಸುತ್ತದೆ.

ಇಷ್ಟೆಲ್ಲ ಮಾಡುವ ಎಂಜಿನ್ನಿಗೆ ಎಷ್ಟು ಕಸುವಿರಬಹುದು? ಎರಡು ಟನ್ನಿನ ಯಂತ್ರಕ್ಕೆ 15ರಿಂದ 20 ಅಶ್ವಶಕ್ತಿ ಅಷ್ಟೇ. ಹೊಲ ಉಳುವ ಟ್ರ್ಯಾಕ್ಟರಿನ ಅರ್ಧದಷ್ಟು! ಉಳಿದದ್ದೆಲ್ಲ ಎಣ್ಣೆಯ ಮಾಯೆ. ಮುಚ್ಚಿದ ಪಾತ್ರೆಯ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಒಂದೇ ಸಮನಾಗಿ ಹರಡುತ್ತದೆ ಎಂದು 17ನೇ ಶತಮಾನದಲ್ಲಿ ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ಹೇಳಿದ್ದ. ಪಂಪು ಎಣ್ಣೆಯನ್ನು ಚದರ ಸೆಂಟಿಮೀಟರಿಗೆ 200 ಕಿಲೋ ಒತ್ತಡದಲ್ಲಿ ಸಿಲಿಂಡರಿಗೆ ನೂಕುತ್ತದೆ ಎಂದಿಟ್ಟುಕೊಳ್ಳಿ. ಪಿಸ್ಟನ್ನಿನ ಅಡ್ಡಳತೆ 5 ಸೆಂಟಿಮೀಟರ್ ಇದ್ದರೆ ಅದರ ಮುಖ ಸುಮಾರು 20 ಚದರ ಸೆಂಟಿಮೀಟರ್. ಗುಣಿಸಿ: 4000 ಕಿಲೋ! ಮುಷ್ಟಿಗಿಂತ ಚಿಕ್ಕದಾದ ಲೋಹದ ಬಿಲ್ಲೆಯ ಹಿಂದೆ ನಾಲ್ಕು ಟನ್ನಿನ ನೂಕು. ಆಪರೇಟರ್ ಅದನ್ನು ಎರಡು ಬೆರಳಲ್ಲಿ ಆಡಿಸುತ್ತಾನೆ.

ಇನ್ನು ಪಾದ. ರಬ್ಬರಿನ ಚೈನು ತೂಕವನ್ನು ಅಗಲಕ್ಕೆ ಹರಡಿಬಿಡುವುದರಿಂದ ನೆಲದ ಒಂದೊಂದು ಚದರ ಸೆಂಟಿಮೀಟರಿನ ಮೇಲೆ ಬೀಳುವ ಭಾರ ಕಿಲೋದ ಮೂರನೇ ಒಂದು ಭಾಗದ ಆಸುಪಾಸು. ನಡೆಯುವಾಗ ಒಂಟಿ ಕಾಲಿನ ಮೇಲೆ ನಿಂತ ಮನುಷ್ಯನೂ ನೆಲವನ್ನು ಹೆಚ್ಚುಕಡಿಮೆ ಅಷ್ಟೇ ಒತ್ತುತ್ತಾನೆ. ಎರಡು ಟನ್ನಿನ ಕಬ್ಬಿಣ ಓಣಿಯ ಕಾಂಕ್ರೀಟಿನ ಮೇಲೆ ನಡೆದು ಹೋದರೆ ಗೀರೂ ಬೀಳದಿರುವುದು ಇದಕ್ಕೇ.

ಈ ನೆಲದಲ್ಲಿ ತೋಡುವುದಕ್ಕೆ ಜಾಣತನವೂ ಬೇಕು. ಎರೆ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ಪಾಯ ಹಾಕಿದ ಮನೆಯ ಗೋಡೆಯೂ ಜೊತೆಗೇ ಬಿರಿಯುತ್ತದೆ. ಹಾಗಾಗಿ ಎರೆ ಮುಗಿದು ಗರಸು ಸಿಗುವ ತನಕ ಇಳಿಯಬೇಕು. ಎರಡು ಟನ್ನಿನ ಯಂತ್ರದ ತೋಳು ಏಳಡಿಯ ತನಕ ಮುಟ್ಟುತ್ತದೆ, ಚಿಂತೆ ಅದಲ್ಲ. ಪಕ್ಕದಲ್ಲಿರುವುದು ಹಳೆಯ ಮಾಳಿಗೆ ಮನೆ, ಮಣ್ಣಿನಲ್ಲಿ ಕೂರಿಸಿದ ಕಲ್ಲಿನ ದಪ್ಪ ಗೋಡೆ, ಮೇಲೆ ತೊಲೆ, ಜಂತಿ, ಮತ್ತೆ ಮಣ್ಣು. ಅದರ ಬುಡದ ಆಸರೆಯನ್ನು ಉದ್ದಕ್ಕೂ ಒಂದೇ ಸಲ ಕಿತ್ತರೆ ಗೋಡೆ ಕಾಲುವೆಗೆ ಬಂದು ಮಲಗುತ್ತದೆ. ತಿಳಿದವರು ತುಂಡು ತುಂಡಾಗಿ ತೋಡುತ್ತಾರೆ: ಒಂದು ತುಂಡು ತೆಗೆದು, ಕಟ್ಟಿ, ತುಂಬಿ, ನಡುವೆ ಒಂದು ಬಿಟ್ಟು ಮುಂದಿನದಕ್ಕೆ ಹೋಗುತ್ತಾರೆ. ಐದಡಿ ಆಳ ದಾಟಿದ ಕಾಲುವೆಗೆ ಆಸರೆ ಕೊಡದೆ ಆಳನ್ನು ಇಳಿಸುವುದಂತೂ ಕೂಡದು. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗಿಂತ ಹೆಚ್ಚು ತೂಗುತ್ತದೆ, ಬೀಳುವ ಮುಂಚೆ ಕೂಗಿ ಹೇಳುವುದಿಲ್ಲ.

ಇನ್ನೊಂದು ಇದೆ, ಯಾವ ಕಂಪನಿಯ ಕೈಪಿಡಿಯಲ್ಲೂ ಬರೆಯದ್ದು. ಹಗೇವು! ಜೋಳ ತುಂಬಿಡಲು ಬಯಲುಸೀಮೆಯ ಹಿರಿಯರು ನೆಲದೊಳಗೆ ತೋಡಿದ ಕಣಜ. ಬಾಯಿ ಒಬ್ಬರು ಇಳಿಯುವಷ್ಟು, ಹೊಟ್ಟೆ ಕೋಣೆಯಷ್ಟು. ಎಷ್ಟೋ ಕಡೆ ಅದು ಮನೆಯ ಮುಂದೆ, ಓಣಿಯ ನಡುವೆಯೇ ಇರುತ್ತದೆ. ಬಾಯಿ ಮುಚ್ಚಿ, ಮೇಲೆ ರಸ್ತೆ ಮಾಡಿ, ಎರಡು ತಲೆಮಾರು ಕಳೆದಿರುತ್ತದೆ. ನೆಲದ ಮೇಲೆ ಹಗುರವಾಗಿ ನಡೆಯುವ ಯಂತ್ರವೂ ಅದರ ಮೇಲೆ ನಿಂತು ಅಗೆದರೆ ಚಾವಣಿ ಸಮೇತ ಒಳಗೆ. ಹಳೆಯ ಹಗೇವಿನಲ್ಲಿ ಕೆಟ್ಟ ಗಾಳಿಯೂ ಕೂತಿರುತ್ತದೆ. ಇಳಿಯುವ ಮುಂಚೆ ದೀಪ ಬಿಟ್ಟು ನೋಡುತ್ತಿದ್ದದ್ದು ಅದಕ್ಕೇ. ಮೈಲಾರದ ಕಡೆಯ ಆ ಓಣಿಯಲ್ಲೂ ಕಟ್ಟೆಯ ಮೇಲೆ ಕೂತಿದ್ದ ಅಜ್ಜಿಯೊಬ್ಬರು ಇದ್ದಕ್ಕಿದ್ದಂತೆ ಕೈ ಎತ್ತಿದರು.

“ತಮ್ಮಾ, ಅಲ್ಲಿ ನಮ್ಮ ಹಗೇವು ಇತ್ತು. ಈ ಕಡೀಗ ಸರಿ.”

“ಆತು ಯಮ್ಮಾ, ಎಷ್ಟು ದೂರಕ್ಕ?”

ಅಜ್ಜಿ ಎದ್ದು ಹೆಜ್ಜೆ ಹಾಕಿ ಅಳೆದು ತೋರಿಸಿದರು. ಯಂತ್ರ ಸರಿಯಿತು! ನೆಲದೊಳಗಿನ ಪೈಪು, ಕೇಬಲ್ಲುಗಳ ಮಾಹಿತಿಗೆಂದು ಕೇಂದ್ರ ಸರ್ಕಾರ 2023ರ ಮಾರ್ಚಿನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ ತಂದಿದೆ, ಒಳ್ಳೆಯದೇ. ಹಗೇವಿನ ಮಾಹಿತಿಗೆ ಮಾತ್ರ ಕಟ್ಟೆಯ ಮೇಲಿನವರನ್ನೇ ಕೇಳಬೇಕು. ಮನೆ ಮನೆಗೆ ಗಂಗೆ ಯೋಜನೆಯಲ್ಲಿ ನಲ್ಲಿ ಪೈಪಿಗೆ ಓಣಿ ಅಗೆಯುವವರಿಗೂ ಇದೇ ಮಾತು.

ಇಷ್ಟು ಹೊಗಳಿದ ಮೇಲೆ ಕುಂದನ್ನೂ ಹೇಳಬೇಕು. ಬೆನ್ನು ಒಳಗೆಳೆದುಕೊಂಡದ್ದಕ್ಕೆ ಬೆಲೆ ಇದೆ. ಹಿಂದೆ ಚಾಚಿದ ತೂಕ ಇಲ್ಲದ್ದರಿಂದ ತೋಳನ್ನು ಪಕ್ಕಕ್ಕೆ ಪೂರ್ತಿ ಚಾಚಿ ದೊಡ್ಡ ಬಂಡೆ ಎತ್ತಿದರೆ ಚೈನು ನೆಲ ಬಿಡುತ್ತದೆ. ಮುಂದಿನ ಬ್ಲೇಡನ್ನು ನೆಲಕ್ಕೂರಿ ಅದರ ನೇರಕ್ಕೆ ಕೆಲಸ ಮಾಡಿದರೆ ಗಟ್ಟಿಯಾಗಿ ನಿಲ್ಲುತ್ತದೆ. ಚಿಕ್ಕದು ತಾನೇ ಎಂದು ಇಳಿಜಾರಿನಲ್ಲಿ ಆಟವಾಡಿದವರಿಗೆ ಅದು ಉರುಳಿಯೇ ಉತ್ತರ ಕೊಡುತ್ತದೆ.

ಮತ್ತೆ, ಇದೇ ಎಲ್ಲಕ್ಕಿಂತ ಚಿಕ್ಕದು ಎಂದುಕೊಂಡಿರಾ? ಒಂದೇ ಟನ್ನಿನದೂ ಇದೆ! ಕುಬೋಟಾ ಕಂಪನಿಯ ಕೆ008 ಎಂಬ ಮರಿಯ ಚೈನುಗಳು ಕೆಲಸಕ್ಕೆ ನಿಂತಾಗ 86 ಸೆಂಟಿಮೀಟರ್ ಅಗಲಿಸಿಕೊಳ್ಳುತ್ತವೆ, ದಾಟುವಾಗ 70ಕ್ಕೆ ಕುಗ್ಗುತ್ತವೆ. ತಲೆಯ ಮೇಲಿನ ರಕ್ಷಣೆಯ ಕಂಬಿಯೂ ಮಡಚುತ್ತದೆ. ತಲೆಬಾಗಿಲಿನಿಂದ ನುಗ್ಗಿ, ಪಡಸಾಲೆ ಹಾದು, ಹಿತ್ತಿಲಿಗೆ ಹೋಗಿ ಶೌಚಾಲಯದ ಗುಂಡಿ ತೋಡಿ, ಬಂದ ದಾರಿಯಲ್ಲೇ ಹೊರಗೆ ಬರಬಲ್ಲದು! ನಮ್ಮ ಹಳೆಯ ಮನೆಗಳ ಬಾಗಿಲು ತಗ್ಗು, ಆಪರೇಟರ್ ತಲೆ ಬಗ್ಗಿಸಿಯೇ ಒಳಗೆ ಬರಬೇಕು. ಹೊಸ್ತಿಲನ್ನು ತುಳಿಯಲು ಮಾತ್ರ ಅದಕ್ಕೂ ಅಪ್ಪಣೆ ಇಲ್ಲ, ಎರಡೂ ಕಡೆ ಹಲಗೆ ಹಾಸಿಯೇ ದಾಟಿಸಬೇಕು.