ಬೆಂಗಳೂರಿನ ಹೋಟೆಲು: ಅಡುಗೆಮನೆಯಿಂದ ಮಹಡಿಯವರೆಗೆ

ಹೋಟೆಲಿನ ಕಟ್ಟಡದಲ್ಲಿ ಗಿರಾಕಿಯ ಕಣ್ಣಿಗೆ ಬೀಳುವ ಭಾಗ ಒಂದು, ಬೀಳದ ಭಾಗ ಇನ್ನೊಂದು. ಟೇಬಲ್ಲು, ಕುರ್ಚಿ, ದೀಪ, ಗೋಡೆಯ ಬಣ್ಣ ಮೊದಲನೆಯದಕ್ಕೆ ಸೇರಿದವು. ಒಲೆ, ಚಿಮಣಿ, ಪಾತ್ರೆ ತೊಳೆಯುವ ತೊಟ್ಟಿ, ಮೋರಿ, ಸಿಲಿಂಡರ್ ಇಡುವ ಮೂಲೆ ಎರಡನೆಯದಕ್ಕೆ. ಬೆಂಗಳೂರಿನಲ್ಲಿ ಸುಮಾರು ನೂರು ವರ್ಷಗಳಿಂದ ಹೋಟೆಲು ಕಟ್ಟುವ ರೀತಿ ಮತ್ತೆ ಮತ್ತೆ ಬದಲಾಗುತ್ತ ಬಂದಿದೆ. ಆ ಬದಲಾವಣೆಗಳಲ್ಲಿ ಮುಖ್ಯವಾದ ಹಲವು ಈ ಎರಡು ಭಾಗಗಳ ನಡುವಿನ ಗೋಡೆಗೆ ಸಂಬಂಧಿಸಿದವು. ಆ ಗೋಡೆ ಎಲ್ಲಿರಬೇಕು, ಎಷ್ಟು ಎತ್ತರವಿರಬೇಕು, ಇರಲೇಬೇಕೆ ಎಂಬ ಪ್ರಶ್ನೆಗೆ ಒಂದೊಂದು ಕಾಲ ಒಂದೊಂದು ಉತ್ತರ ಕೊಟ್ಟಿದೆ.

ಹಳೆಯ ಉಡುಪಿ ಹೋಟೆಲುಗಳಲ್ಲಿ ಅಡುಗೆಮನೆ ಹಿಂದೆ, ಗಲ್ಲಾ ಮುಂದೆ, ನಡುವೆ ಸಾಲಾಗಿ ಜೋಡಿಸಿದ ಟೇಬಲ್ಲುಗಳು, ಪಕ್ಕದಲ್ಲಿ ಪರದೆ ಹಾಕಿದ ಫ್ಯಾಮಿಲಿ ರೂಮು. ಭಟ್ಟರು ಯಾರಿಗೂ ಕಾಣುತ್ತಿರಲಿಲ್ಲ. ಈ ಕ್ರಮವನ್ನು ಮೊದಲಿಗೆ ಮುರಿದವರಲ್ಲಿ ಮಾವಳ್ಳಿಯ ಎಂಟಿಆರ್‌ನವರು ಪ್ರಮುಖರು. ಕೋಟದ ಸಮೀಪದ ಪಾರಂಪಳ್ಳಿಯಿಂದ ಬಂದ ಮಯ್ಯ ಸೋದರರು 1924ರಲ್ಲಿ ಶುರುಮಾಡಿದ ಹೋಟೆಲು ಅದು. ಅವರಲ್ಲೊಬ್ಬರಾದ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪ್ ಸುತ್ತಿ, ಅಲ್ಲಿನ ಹೋಟೆಲುಗಳ ಶುಚಿತ್ವ ನೋಡಿ ಬಂದರು. 1960ರಲ್ಲಿ ಹೋಟೆಲು ಲಾಲ್‌ಬಾಗ್ ರಸ್ತೆಯ ಕಟ್ಟಡಕ್ಕೆ ಬಂತು. ಅಲ್ಲಿ ಗಿರಾಕಿಗಳು ಅಡುಗೆಮನೆಯನ್ನು ಹಾದು ಊಟದ ಹಾಲಿಗೆ ಹೋಗುವ ಏರ್ಪಾಡು ಬಹುಕಾಲ ಇತ್ತು. ಇಂದು ವಿನ್ಯಾಸಕಾರರು ‘ಓಪನ್ ಕಿಚನ್’ ಎಂದು ಕರೆಯುವ ಪದ್ಧತಿಯನ್ನು ಆ ಕಟ್ಟಡ ಯಾವ ಸದ್ದುಗದ್ದಲವೂ ಇಲ್ಲದೆ ನಡೆಸಿಕೊಂಡು ಬಂದಿತ್ತು.

ಗೋಡೆಯನ್ನು ಪೂರ್ತಿ ಕೆಡವಿದ್ದು ದರ್ಶಿನಿ. ಜಯನಗರದಲ್ಲಿ 1983ರಲ್ಲಿ ಆರ್. ಪ್ರಭಾಕರ್ ಆರಂಭಿಸಿದ ಕೆಫೆ ದರ್ಶಿನಿ ಈ ಮಾದರಿಯ ಮೊದಲನೆಯದು. ಇಡ್ಲಿ ಸ್ಟೀಮರ್, ದೋಸೆ ಕಾವಲಿ, ಕಾಫಿ ಕೌಂಟರು ಎಲ್ಲವೂ ಗಿರಾಕಿಯ ಎದುರೇ. ಗಲ್ಲಾದಲ್ಲಿ ದುಡ್ಡು ಕೊಟ್ಟು ಟೋಕನ್ ಪಡೆದು, ಕೌಂಟರಿನಲ್ಲಿ ಕೊಟ್ಟು, ತಟ್ಟೆ ಹಿಡಿದು ನಿಂತೇ ತಿನ್ನಬೇಕು. ಸಪ್ಲೈಯರ್ ಇಲ್ಲ, ಕುರ್ಚಿ ಇಲ್ಲ. ನಿಂತು ತಿನ್ನುವ ಟೇಬಲ್ಲಿನ ಎತ್ತರ ಸುಮಾರು ಮೂರೂವರೆ ಅಡಿ. ಕೂತು ತಿನ್ನುವುದರದು ಎರಡೂವರೆ. ಈ ಒಂದಡಿಯ ವ್ಯತ್ಯಾಸದಲ್ಲೇ ದರ್ಶಿನಿಯ ಅರ್ಥಶಾಸ್ತ್ರವಿದೆ. ನಿಂತವರಿಗೆ ಜಾಗ ಕಡಿಮೆ ಸಾಕು, ಅವರು ಬೇಗ ತಿಂದು ಹೊರಡುತ್ತಾರೆ. ಒಂದು ಸಾಮಾನ್ಯ ಅಂಗಡಿ ಮಳಿಗೆಯ ಬಾಡಿಗೆಯಲ್ಲಿ ದಿನಕ್ಕೆ ನೂರಾರು ಜನರಿಗೆ ಕಡಿಮೆ ಬೆಲೆಯ ತಿಂಡಿ ಕೊಡಲು ಸಾಧ್ಯವಾದದ್ದು ಇದರಿಂದ. ಗೋಡೆಗೆ ಎದೆಮಟ್ಟದವರೆಗೆ ಟೈಲ್ಸು, ಗ್ರಾನೈಟ್ ಕೌಂಟರು, ಸ್ಟೀಲ್ ಪಾತ್ರೆ, ಬಿಳಿ ಟ್ಯೂಬ್‌ಲೈಟು ಇರುತ್ತಿದ್ದವು. ಒರೆಸಿದರೆ ಶುಚಿಯಾಗದ ವಸ್ತು ಅಲ್ಲಿ ಒಂದೂ ಇರುತ್ತಿರಲಿಲ್ಲ. ಅಲಂಕಾರವೇ ಇಲ್ಲದ ಈ ವಿನ್ಯಾಸ ಬೆಂಗಳೂರು ನಗರ ಕಂಡ ಅತ್ಯಂತ ಯಶಸ್ವಿ ಒಳಾಂಗಣಗಳಲ್ಲಿ ಒಂದು. ಹೆಸರಾಂತ ವಾಸ್ತುಶಿಲ್ಪಿಗಳ ಕೃತಿಗಳ ಸಾಲಿನಲ್ಲಿ ಇದಕ್ಕೆ ಸಿಗಬೇಕಾದ ಗೌರವ ಇನ್ನೂ ಸಿಕ್ಕಿಲ್ಲ.

ನಿಂತು ತಿನ್ನುವುದು ಅದಕ್ಕೂ ಮೊದಲು ಇರಲಿಲ್ಲವೆಂದಲ್ಲ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಿಂದ ನಾಲ್ಕೈದು ತಿನಿಸುಗಳನ್ನಷ್ಟೇ ಮಾರುತ್ತ ಬಂದಿದೆ. ತಿನ್ನುವವರಿಗೆ ಹೋಟೆಲಿನ ಮುಂದಿನ ಬಯಲೇ ಹಾಲು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಲ್ಲಿ ಇದಕ್ಕೆ ತದ್ವಿರುದ್ಧ. 1943ರಲ್ಲಿ ಆರಂಭವಾದ ಆ ಹೋಟೆಲಿನಲ್ಲಿ ಈಗಲೂ ಕೂತೇ ತಿನ್ನಬೇಕು, ಸಪ್ಲೈಯರು ದೋಸೆಯ ತಟ್ಟೆಗಳನ್ನು ತೋಳಿನುದ್ದಕ್ಕೂ ಜೋಡಿಸಿಕೊಂಡು ಬರುತ್ತಾರೆ. ಆ ಇಕ್ಕಟ್ಟಾದ ಹಾಲಿನಲ್ಲಿ ಟ್ರಾಲಿ ನಡೆಯದು. ಬಡಿಸುವ ಶೈಲಿಯನ್ನು ರೂಪಿಸುವುದರಲ್ಲಿ ಕಟ್ಟಡದ ಅಳತೆಯ ಪಾಲೂ ದೊಡ್ಡದು.

ಈಚಿನ ವರ್ಷಗಳಲ್ಲಿ ದರ್ಶಿನಿಯ ನಕ್ಷೆ ದೊಡ್ಡದಾಗಿ ಮರಳಿದೆ. ಇಂದಿರಾನಗರದಲ್ಲಿ 2021ರಲ್ಲಿ ಶುರುವಾದ ರಾಮೇಶ್ವರಂ ಕೆಫೆ ಇದರ ಪ್ರಸಿದ್ಧ ಉದಾಹರಣೆ. ವ್ಯವಸ್ಥೆ ಹಳೆಯದೇ: ಬಿಲ್ಲು, ಕೌಂಟರು, ನಿಂತು ತಿನ್ನುವುದು. ಆದರೆ ಮುಂಭಾಗಕ್ಕೆ ಬೆಳಕು, ಶಿಲ್ಪ, ದೇವಸ್ಥಾನದ ಛಾಯೆ ಬಂದಿದೆ. ಕಾವಲಿಯ ಮುಂದೆ ಗಾಜು ಬಂದಿದೆ. ಸರತಿಯಲ್ಲಿ ನಿಂತವರು ಫೋಟೊ ತೆಗೆಯುತ್ತಾರೆ ಎಂಬುದನ್ನು ಗಮನದಲ್ಲಿಟ್ಟೇ ಭಟ್ಟರ ಜಾಗವನ್ನು ಗೊತ್ತುಮಾಡಲಾಗುತ್ತಿದೆ. ದೋಸೆ ಹುಯ್ಯುವ ಕೈ ಈಗ ಹೋಟೆಲಿನ ಜಾಹೀರಾತು. ಇದರಿಂದ ಒಳ್ಳೆಯದೂ ಆಗಿದೆ. ಎಲ್ಲರಿಗೂ ಕಾಣುವ ಅಡುಗೆಮನೆಯನ್ನು ಕೊಳಕಾಗಿ ಇಟ್ಟುಕೊಳ್ಳುವುದು ಕಷ್ಟ.

ಇನ್ನೊಂದು ದೊಡ್ಡ ಪ್ರವೃತ್ತಿ ಹಳೆಯ ಮನೆಗಳದು. ಇಂದಿರಾನಗರ, ಜಯನಗರ, ಕೋರಮಂಗಲ, ಮಲ್ಲೇಶ್ವರಗಳಲ್ಲಿ ವಾಸಕ್ಕೆಂದು ಕಟ್ಟಿದ ಮನೆಗಳು ಒಂದೊಂದಾಗಿ ಕೆಫೆಗಳಾಗುತ್ತಿವೆ. ಕಾಂಪೌಂಡಿನ ಮಾವಿನ ಮರ ಉಳಿಯುತ್ತದೆ, ಕಾರ್ ಶೆಡ್ಡು ಕಾಫಿ ಕೌಂಟರಾಗುತ್ತದೆ, ಮಲಗುವ ಕೋಣೆಗಳ ನಡುವಿನ ಗೋಡೆ ಒಡೆದು ಹಾಲಾಗುತ್ತದೆ. ಗಾರೆ ಕೆತ್ತಿ ಇಟ್ಟಿಗೆ ಕಾಣುವಂತೆ ಬಿಡುವುದು, ಕೆಂಪು ಆಕ್ಸೈಡ್ ನೆಲವನ್ನು ಹೊಳಪು ಕೊಟ್ಟು ಉಳಿಸುವುದು, ಚೆಟ್ಟಿನಾಡಿನ ಆತ್ತಂಗುಡಿ ಟೈಲ್ಸು ಹಾಸುವುದು, ಬೆತ್ತದ ಕುರ್ಚಿ ಇಡುವುದು ಈಗಿನ ಅಭಿರುಚಿ. ಮಂಗಳೂರು ಹಂಚು ಮತ್ತೆ ಬೇಡಿಕೆಗೆ ಬಂದಿದೆ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದು ಹೊರತಂದ ಈ ಹಂಚಿಗೆ ಒಂದು ಗುಣವಿದೆ: ಸಂದುಗಳಿಂದ ಬಿಸಿಗಾಳಿ ಹೊರಹೋಗುತ್ತದೆ. ಆದರೆ ಅನೇಕ ಕೆಫೆಗಳಲ್ಲಿ ಹಂಚಿನ ಕೆಳಗೆ ಕಾಂಕ್ರೀಟ್ ತಾರಸಿ ಇರುತ್ತದೆ, ಹಂಚು ಬರೀ ಅಲಂಕಾರ. ಆಗ ಅದರ ಆ ಗುಣ ಕೆಲಸಕ್ಕೆ ಬರುವುದಿಲ್ಲ.

ಮನೆಯನ್ನು ಹೋಟೆಲು ಮಾಡುವಾಗ ಎಂಜಿನಿಯರ್ ನೋಡಬೇಕಾದ ಸಂಗತಿಗಳು ಬೇರೆಯೇ. ಭಾರ ಹೊರುವ ಗೋಡೆ ಯಾವುದು, ಬರೀ ಅಡ್ಡಗೋಡೆ ಯಾವುದು ಎಂದು ತಿಳಿಯದೆ ಒಡೆದರೆ ಮೇಲಿನ ತಾರಸಿಗೆ ಅಪಾಯ. ವಾಸದ ಮನೆಯ ತಾರಸಿಯನ್ನು ಮನೆಬಳಕೆಯ ಹೊರೆಗೆ ಲೆಕ್ಕ ಮಾಡಿ ಹಾಕಿರುತ್ತಾರೆ. ಅದರ ಮೇಲೆ ಐವತ್ತು ಜನ, ಗ್ರಾನೈಟ್ ಟೇಬಲ್ಲು, ನೀರಿನ ಟ್ಯಾಂಕು, ಮಣ್ಣು ತುಂಬಿದ ಹೂಕುಂಡಗಳ ಸಾಲು ಬಂದಾಗ ಆ ಲೆಕ್ಕ ಸಾಲದು. ಮನೆಯ ಒಳಚರಂಡಿ ಕೊಳವೆ ಕೂಡ ಹೋಟೆಲಿನ ಎಣ್ಣೆ-ಜಿಡ್ಡನ್ನು ತಾಳುವುದಿಲ್ಲ. ಆದ್ದರಿಂದ ತೊಳೆಯುವ ತೊಟ್ಟಿಯ ನೀರು ಚರಂಡಿ ಸೇರುವ ಮೊದಲು ಜಿಡ್ಡು ತಡೆಯುವ ಗುಂಡಿಯೊಂದನ್ನು ಹಾದುಹೋಗಬೇಕು. ನೀರು ನಿಧಾನಗೊಂಡಾಗ ಜಿಡ್ಡು ಮೇಲೆ ತೇಲುತ್ತದೆ, ಅನ್ನದ ಅಗುಳು ತಳ ಸೇರುತ್ತದೆ, ನಡುವಿನ ನೀರು ಮುಂದಕ್ಕೆ ಹೋಗುತ್ತದೆ. ಗುಂಡಿಯನ್ನು ನಿಯಮಿತವಾಗಿ ತೆರೆದು ಬಳಿಯದಿದ್ದರೆ ಇಡೀ ಬೀದಿಯ ಮ್ಯಾನ್‌ಹೋಲು ಉಕ್ಕುತ್ತದೆ.

ಹೊಸ ಒಳಾಂಗಣಗಳ ದೊಡ್ಡ ದೋಷ ಸದ್ದು. ಕಾಂಕ್ರೀಟು, ಗಾಜು, ಇಟ್ಟಿಗೆ, ನುಣುಪಾದ ನೆಲ ಎಲ್ಲವೂ ಶಬ್ದವನ್ನು ಹೀರದೆ ತಿರುಗಿ ಎಸೆಯುವ ವಸ್ತುಗಳು. ಗದ್ದಲದಲ್ಲಿ ಮನುಷ್ಯರು ತಮಗರಿವಿಲ್ಲದೆ ದನಿ ಏರಿಸುತ್ತಾರೆ ಎಂದು ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲಿ ವಿವರಿಸಿದ್ದ. ಹಾಲು ತುಂಬಿದಂತೆ ಒಬ್ಬರು ದನಿ ಏರಿಸುತ್ತಾರೆ, ಅದನ್ನು ಮೀರಲು ಪಕ್ಕದ ಟೇಬಲ್ಲಿನವರು ಇನ್ನಷ್ಟು ಏರಿಸುತ್ತಾರೆ. ಮೇಲೆ ಸಂಗೀತ ಬೇರೆ. ವಯಸ್ಸಾದವರಿಗೆ, ಕಿವಿಯ ಯಂತ್ರ ಹಾಕಿಕೊಂಡವರಿಗೆ ಅಂಥ ಜಾಗದಲ್ಲಿ ಎದುರು ಕೂತವರ ಮಾತು ಕೇಳುವುದೇ ಇಲ್ಲ. ಪರಿಹಾರ ಕಷ್ಟದ್ದಲ್ಲ: ಮೇಲ್ಛಾವಣಿಯ ಕೆಳಗೆ ಶಬ್ದ ಹೀರುವ ಹಲಗೆಗಳು, ಗೋಡೆಯ ಮೇಲೆ ದಪ್ಪ ಬಟ್ಟೆ, ಟೇಬಲ್ಲಿನ ತಳಕ್ಕೆ ಫೆಲ್ಟು. ಯಾವುದೂ ಫೋಟೊದಲ್ಲಿ ಚೆನ್ನಾಗಿ ಕಾಣುವುದಿಲ್ಲವಾದ್ದರಿಂದ ಬಜೆಟ್ಟಿನಿಂದ ಮೊದಲು ಹೊರಬೀಳುವುದು ಇವೇ.

ಪಾರ್ಸಲ್ ವ್ಯಾಪಾರ ಕಟ್ಟಡದ ನಕ್ಷೆಯನ್ನೇ ತಿದ್ದಿದೆ. ಮನೆಬಾಗಿಲಿಗೆ ಊಟ ತಲುಪಿಸುವ ಸ್ವಿಗ್ಗಿ ಬೆಂಗಳೂರಿನಲ್ಲಿ 2014ರಲ್ಲಿ ಹುಟ್ಟಿದ ಕಂಪನಿ. 2020ರ ಕೋವಿಡ್ ಲಾಕ್‌ಡೌನಿನ ನಂತರ ಪಾರ್ಸಲ್ ಹೋಟೆಲಿನ ಆದಾಯದ ಖಾಯಂ ಬಾಬತ್ತಾಯಿತು. ಮೊದಮೊದಲು ಡೆಲಿವರಿ ಹುಡುಗರು ಗಲ್ಲಾದ ಮುಂದೆಯೇ ಗುಂಪಾಗಿ ನಿಲ್ಲುತ್ತಿದ್ದರು. ಈಗ ಹೊಸ ಹೋಟೆಲುಗಳಲ್ಲಿ ಪಕ್ಕದ ಗೋಡೆಗೆ ಬೇರೆ ಕಿಟಕಿ, ಪ್ಯಾಕಿಂಗಿಗೆ ಬೇರೆ ಮೇಜು ಇರುತ್ತವೆ. ಊಟದ ಹಾಲೇ ಇಲ್ಲದ ಕ್ಲೌಡ್ ಕಿಚನ್‌ಗಳೂ ಬಂದಿವೆ. ಅಡುಗೆಮನೆಯನ್ನು ಗಿರಾಕಿಗೆ ತೋರಿಸುವ ದಾರಿಯಲ್ಲಿ ನಡೆದಿದ್ದ ನಗರದಲ್ಲಿ ಇದು ಹಿಂದಕ್ಕೆ ಇಟ್ಟ ಹೆಜ್ಜೆ. ಇಲ್ಲಿ ಅಡುಗೆ ಎಲ್ಲಿ, ಯಾರಿಂದ, ಯಾವ ಸ್ಥಿತಿಯಲ್ಲಿ ಆಗುತ್ತದೆಂಬುದು ತಿನ್ನುವವರಿಗೆ ಕಾಣುವುದಿಲ್ಲ. ಆಹಾರ ಸುರಕ್ಷತೆಯ 2011ರ ನಿಯಮಾವಳಿಯ ನಾಲ್ಕನೆಯ ಅನುಸೂಚಿ ನೆಲ, ಗೋಡೆ, ಮೋರಿ, ನೀರು ಹೇಗಿರಬೇಕೆಂದು ಹೇಳುತ್ತದೆ. ಗಿರಾಕಿಯ ಕಣ್ಣಿಲ್ಲದ ಕಡೆ ಅದನ್ನು ಕಾಯುವ ಹೊಣೆ ಪೂರ್ತಿ ತನಿಖಾಧಿಕಾರಿಗಳ ಮೇಲೆ ಬೀಳುತ್ತದೆ. ಡೆಲಿವರಿಯವರು ಕೂರಲು ನೆರಳು, ಕುಡಿಯಲು ನೀರು, ಶೌಚಾಲಯ ಇರುವ ನಕ್ಷೆಗಳಂತೂ ಇನ್ನೂ ಅಪರೂಪ.

ಅಡುಗೆಮನೆಯ ಒಳಗೆ ಮುಖ್ಯವಾದದ್ದು ಗಾಳಿ. ಒಲೆಗಳ ಮೇಲಿನ ಹುಡ್ಡು ಹೊಗೆ, ಹಬೆ, ಎಣ್ಣೆಯ ಆವಿಯನ್ನು ಎಳೆದು ಕೊಳವೆಯ ಮೂಲಕ ಕಟ್ಟಡದ ನೆತ್ತಿಯಿಂದ ಹೊರಬಿಡಬೇಕು. ಎಳೆದಷ್ಟು ಗಾಳಿಗೆ ಬದಲಾಗಿ ಹೊರಗಿನಿಂದ ತಾಜಾ ಗಾಳಿ ಬರಲು ದಾರಿ ಬೇಕು. ಇಲ್ಲದಿದ್ದರೆ ಫ್ಯಾನು ತಿರುಗುತ್ತಿದ್ದರೂ ಹೊಗೆ ಹೋಗುವುದಿಲ್ಲ. ಒಳಬರುವುದು ಹೊರಹೋಗುವುದಕ್ಕಿಂತ ತುಸು ಕಡಿಮೆಯಿದ್ದರೆ ಅಡುಗೆಮನೆಯ ಒತ್ತಡ ಹಾಲಿಗಿಂತ ತಗ್ಗುತ್ತದೆ, ಒಗ್ಗರಣೆಯ ಘಾಟು ಊಟದವರ ಕಡೆ ಬರುವುದಿಲ್ಲ. ಕೊಳವೆಯ ಒಳಮೈಗೆ ಅಂಟುವ ಜಿಡ್ಡು ಉರಿಯುವ ವಸ್ತು. ಒಲೆಯ ಕಿಡಿ ಅಲ್ಲಿಗೆ ತಲುಪಿದರೆ ಬೆಂಕಿ ಕೊಳವೆಯೊಳಗೇ ಮಹಡಿಯಿಂದ ಮಹಡಿಗೆ ಏರುತ್ತದೆ. ಹಾಗಾಗಿ ತೊಳೆಯಲು ಅಲ್ಲಲ್ಲಿ ಬಾಗಿಲುಗಳನ್ನು ಇಟ್ಟೇ ಕೊಳವೆ ಕೂರಿಸಬೇಕು. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಹರಡಿ ನಿಲ್ಲುತ್ತದೆ. ಸಿಲಿಂಡರುಗಳ ಕೋಣೆಗೆ ಕಿಂಡಿ ನೆಲಮಟ್ಟದಲ್ಲೇ ಇರಬೇಕು. ನೆಲಮಾಳಿಗೆಯಲ್ಲಿ ಅವನ್ನು ಇಡಲೇಬಾರದು. ಉರಿಯುವ ಒಲೆಯ ಎದುರು ಎಂಟು-ಹತ್ತು ಗಂಟೆ ನಿಲ್ಲುವವರ ಆರೋಗ್ಯಕ್ಕೆ ಈ ಗಾಳಿಯ ಲೆಕ್ಕವೇ ಆಧಾರ. ಹಾಲಿಗೆ ಎಸಿ ಹಾಕಿಸಿ ಅಡುಗೆಮನೆಯಲ್ಲಿ ಒಂದು ಗೋಡೆ ಫ್ಯಾನಿನಲ್ಲಿ ಮುಗಿಸುವುದು ಅನ್ಯಾಯ.

ನೀರಿನ ವಿಷಯದಲ್ಲಿ ನಗರಕ್ಕೆ 2024ರ ಬೇಸಿಗೆಯ ಅಭಾವ ಪಾಠ ಕಲಿಸಿತು. ಆ ಮಾರ್ಚಿನಲ್ಲಿ ಜಲಮಂಡಳಿ ಹೋಟೆಲುಗಳೂ ಸೇರಿ ವಾಣಿಜ್ಯ ಕಟ್ಟಡಗಳ ನಲ್ಲಿಗಳಿಗೆ ಏರೇಟರ್ ಕಡ್ಡಾಯ ಮಾಡಿತು. ನೀರಿಗೆ ಗಾಳಿ ಬೆರೆಸಿ ಹರಿವು ತಗ್ಗಿಸುವ ಸಣ್ಣ ಸಾಧನ ಅದು. ಅದೇ ವರ್ಷ ಜಾರಿಗೆ ಬಂದ ಇನ್ನೊಂದು ನಿಯಮ ಹೋಟೆಲುಗಳ ಮುಖವನ್ನೇ ಬದಲಿಸಿತು: ನಾಮಫಲಕದ ಮೇಲ್ಭಾಗದಲ್ಲಿ ಶೇ. 60ರಷ್ಟು ಕನ್ನಡ ಇರಬೇಕು. ಮೊದಲು ಮೂಲೆಯಲ್ಲಿ ಸಣ್ಣದಾಗಿ ಅಂಟಿಸುತ್ತಿದ್ದ ಕನ್ನಡಕ್ಕೆ ಈಗ ಮುಂಭಾಗದ ನಕ್ಷೆಯಲ್ಲೇ ಜಾಗ ಸಿಗುತ್ತಿದೆ. ಚೆಂದದ ಹೊಸ ಅಕ್ಷರ ವಿನ್ಯಾಸಗಳೂ ಅಲ್ಲಲ್ಲಿ ಕಾಣತೊಡಗಿವೆ.

ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲೇ ಬಂದಿದ್ದರೂ ಬಹುಪಾಲು ಹೋಟೆಲುಗಳ ಬಾಗಿಲಲ್ಲಿ ಮೆಟ್ಟಿಲೇ ಇದೆ. ಗಾಲಿಕುರ್ಚಿಯ ಇಳಿಜಾರು ಒಂದಕ್ಕೆ ಹನ್ನೆರಡರ ಪ್ರಮಾಣದಲ್ಲಿರಬೇಕು. ಅಂದರೆ ಆರಿಂಚು ಎತ್ತರಕ್ಕೆ ಆರಡಿ ಉದ್ದ. ದರ್ಶಿನಿಗಳಲ್ಲಿ ಒಂದೆರಡು ತಗ್ಗಾದ ಟೇಬಲ್ಲು ಹಾಕಿದರೂ ಗಾಲಿಕುರ್ಚಿಯವರಿಗೆ, ವೃದ್ಧರಿಗೆ, ಗರ್ಭಿಣಿಯರಿಗೆ ಅನುಕೂಲವಾಗುತ್ತದೆ. ಹುಬ್ಬಳ್ಳಿಯಲ್ಲಿ 2017ರಲ್ಲಿ ಆರಂಭವಾದ ಮಿಟ್ಟಿ ಕೆಫೆಯನ್ನು ನಡೆಸುವವರೇ ಅಂಗವಿಕಲರು. ಅವರು ಒಲೆಯ ಮುಂದೆ, ಕೌಂಟರಿನಲ್ಲಿ ಕೆಲಸ ಮಾಡಬಲ್ಲರು ಎಂಬುದಕ್ಕೆ ಆ ಕೆಫೆಯೇ ಸಾಕ್ಷಿ.

ಎಲ್ಲಕ್ಕಿಂತ ಗಂಭೀರವಾದದ್ದು ಮಹಡಿಯ ಮೇಲಿನ ಹೋಟೆಲು. ಬಾಡಿಗೆ ಏರಿದಂತೆ ತಾರಸಿಗಳು ಊಟದ ಹಾಲುಗಳಾದವು. ಬಿದಿರು, ಟಾರ್ಪಾಲು, ಥರ್ಮೊಕೋಲ್, ಪ್ಲಾಸ್ಟಿಕ್ ಬಳ್ಳಿಗಳ ಚಪ್ಪರ ಎದ್ದವು. ಮುಂಬಯಿಯ ಕಮಲಾ ಮಿಲ್ಸ್ ಆವರಣದಲ್ಲಿ 2017ರ ಡಿಸೆಂಬರಿನಲ್ಲಿ ಇಂಥ ತಾರಸಿ ಹೋಟೆಲಿಗೆ ಬೆಂಕಿ ಬಿದ್ದು 14 ಜನ ಸತ್ತರು. ದಾರಿ ಕಾಣದೆ ಶೌಚಾಲಯಕ್ಕೆ ಹೊಕ್ಕ ಅನೇಕರು ಅಲ್ಲೇ ಉಸಿರುಗಟ್ಟಿ ತೀರಿಕೊಂಡರು. 2023ರ ಅಕ್ಟೋಬರಿನಲ್ಲಿ ಕೋರಮಂಗಲದ ತಾರಸಿ ಕೆಫೆಯೊಂದು ಹೊತ್ತಿ ಉರಿದಾಗ ಒಬ್ಬರು ಮೇಲಿನಿಂದ ಹಾರಿದರು. ರಾಷ್ಟ್ರೀಯ ಕಟ್ಟಡ ಸಂಹಿತೆಯ 2005ರ ಆವೃತ್ತಿ, ಜನ ಸೇರುವ ಕಟ್ಟಡದ ಪ್ರತಿ ಮಹಡಿ 500 ಚದರ ಮೀಟರ್ ಮೀರಿದರೆ ಕನಿಷ್ಠ ಎರಡು ಮೆಟ್ಟಿಲು ಬೇಕೆಂದಿತ್ತು. ಬೆಂಗಳೂರಿನ 40×60 ಅಡಿ ನಿವೇಶನದ ವಿಸ್ತೀರ್ಣ ಸುಮಾರು 223 ಚದರ ಮೀಟರ್ ಮಾತ್ರ. ಮನೆಯಿಂದ ಹೋಟೆಲಾದ ಕಟ್ಟಡ ಆ 500 ಚದರ ಮೀಟರಿನ ಮಿತಿಯ ಕೆಳಗೇ ಉಳಿದು, ಒಂದೇ ಕಿರಿದಾದ ಮೆಟ್ಟಿಲಲ್ಲಿ ನೂರು ಜನರನ್ನು ಹತ್ತಿಸಿ ಇಳಿಸುತ್ತದೆ. ಹೊರಗೋಡೆಗೆ ಇನ್ನೊಂದು ಕಬ್ಬಿಣದ ಮೆಟ್ಟಿಲು ಕೂರಿಸಿದರೆ ಮಾಲೀಕರಿಗೆ ಆಗುವ ನಷ್ಟ ಕೆಲವೇ ಟೇಬಲ್ಲುಗಳಷ್ಟು. ಕಾನೂನು ಒತ್ತಾಯಿಸಲಿ ಬಿಡಲಿ, ಅವರು ಅದನ್ನು ಹಾಕಿಸಬೇಕು. ಮೇಲೆ ಹೋಗಿ ಕೂರುವ ಪ್ರತಿಯೊಬ್ಬರೂ ಮೆನು ಕೈಗೆತ್ತಿಕೊಳ್ಳುವ ಮೊದಲು ಆ ಎರಡನೆಯ ಮೆಟ್ಟಿಲು ಎಲ್ಲಿದೆ ಎಂದು ಕೇಳಬೇಕು. ಇಲ್ಲವೆಂದರೆ ಕೆಳಗಿಳಿದು ಬೇರೆ ಹೋಟೆಲಿಗೆ ಹೋಗಬೇಕು.